ಫೂಮ ಮುಗಿಸದೆ ಬಿಟ್ಟ ಹಾಡು

ಫೂಮ ಸಾಧು ಹೆಂಗಸು ಎಂದು ನಾನೇನಾದರೂ ಹೇಳಿದರೆ ನಮ್ಮ ದ್ರಗೂಷ ಊರಿನ ಕೋಳಿಗಳೂ ನಕ್ಕಾವು. ಇಸ್ಪೀಟಿನಲ್ಲಿ ಅವಳಷ್ಟು ಮೋಸ ಮಾಡುವವರು ಇಡೀ ಇಸ್ತ್ರಿಯಾ ಸೀಮೆಯಲ್ಲೇ ಇಲ್ಲ. ಅದೂ ಕದ್ದುಮುಚ್ಚಿ ಮಾಡುವ ಮೋಸವಲ್ಲ. "ದೇವರಾಣೆ ಪಿಯೆರೀನ, ನನ್ ಕೈಯಲ್ಲಿ ಒಂದೂ ಒಳ್ಳೇ ಎಲೆ ಇಲ್ಲ ಕಣೇ" ಎನ್ನುತ್ತಲೇ ನಿಮ್ಮ ಎಲೆಯನ್ನೂ ನಿಮ್ಮ ವೈನಿನ ಲೋಟವನ್ನೂ ಒಂದೇ ಕೈಯಲ್ಲಿ ಎತ್ತಿಕೊಳ್ಳುತ್ತಾಳೆ. ಗೆದ್ದ ಕೂಡಲೇ ಎದ್ದು ಹೋಗಿಬಿಡುತ್ತಾಳೆ, ಸೋತವರಿಗೆ ಇನ್ನೊಂದು ಆಟ ಕೊಡುವ ಮರ್ಯಾದೆಯೂ ಇಲ್ಲ.

ಪಿಯೆರೀನ ಎಂದರೆ ನಾನು. ಊರಿನ ನಡುವೆ ನನ್ನದೊಂದು ವೈನಂಗಡಿ. ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೆ ಒಂದು ಅಂಗಳ, ಅಂಗಳದ ನಡುವೆ ಎದೆಮಟ್ಟದ ಕಲ್ಲುಗೋಡೆ. ಗೋಡೆಯ ಈಚೆಗೆ ಫೂಮ, ಅವಳ ಮೇಕೆ. ಆಚೆಗೆ ಅವಳ ಅಣ್ಣ ಜ್ವಾನೆ, ಅವನ ಹೆಂಡತಿ ರೋಜ. ಈ ಕಿಟಕಿ ಇರುವುದರಿಂದ ನನಗೆ ಎಲ್ಲವೂ ಗೊತ್ತು. ಕಿಟಕಿ ಇಲ್ಲದಿದ್ದರೂ ಗೊತ್ತಾಗುತ್ತಿತ್ತು ಬಿಡಿ, ನಮ್ಮೂರಲ್ಲಿ ಗೋಡೆಗಿಂತ ಕಿವಿ ಜಾಸ್ತಿ.

ನಮ್ಮ ಕಡೆ ಒಬ್ಬರೇ ಹಾಡುವುದಿಲ್ಲ. ಹಾಡು ಎಂದರೆ ಇಬ್ಬರು: ಒಬ್ಬರದು ತೆಳುದನಿ, ಒಬ್ಬರದು ದಪ್ಪದನಿ. ಎರಡೂ ಪಕ್ಕಪಕ್ಕದಲ್ಲೇ, ಇಕ್ಕಟ್ಟಿನ ಓಣಿಯಲ್ಲಿ ನಡೆಯುವವರ ಹಾಗೆ ಭುಜಕ್ಕೆ ಭುಜ ಉಜ್ಜಿಕೊಂಡು ಸಾಗುತ್ತವೆ. ಚರ್ಚಿನ ಹಾರ್ಮೋನಿಯಂನಲ್ಲಿ ಆ ಜಾಗಗಳಿಲ್ಲ. ಬಿಳಿ ಮನೆಗೂ ಕರಿ ಮನೆಗೂ ನಡುವಿನ ಸಂದಿಯಲ್ಲಿ ನಮ್ಮ ಸ್ವರಗಳ ಸಂಸಾರ. ಹೊರಗಿನವರು ಕೇಳಿದರೆ ಹಲ್ಲು ಜುಮ್ಮೆನ್ನುತ್ತದಂತೆ. ಅನ್ನಲಿ, ಆ ಜುಮ್ಮೇ ನಮ್ಮ ಹಾಡಿನ ಉಪ್ಪು. ಆದರೆ ಎಷ್ಟೇ ಉಜ್ಜಾಡಿದರೂ ಕೊನೆಯಲ್ಲಿ ದಪ್ಪದನಿ ಒಂದು ಹೆಜ್ಜೆ ಮೇಲೆ ಹತ್ತಬೇಕು, ತೆಳುದನಿ ಒಂದು ಹೆಜ್ಜೆ ಕೆಳಗಿಳಿಯಬೇಕು, ಎರಡೂ ಒಂದೇ ಸ್ವರದ ಮೇಲೆ ಬಂದು ನಿಲ್ಲಬೇಕು. ಅದಕ್ಕೆ ಕೂಡುಸ್ವರ ಎನ್ನುತ್ತೇವೆ. ಅದು ಎಲ್ಲಿದೆ ಎಂದು ಯಾವ ವಾದ್ಯವೂ ತೋರಿಸಿಕೊಡುವುದಿಲ್ಲ. ಆವತ್ತು ಆ ಇಬ್ಬರು ಎಲ್ಲಿ ಸಂಧಿಸಿದರೋ ಅಲ್ಲಿದೆ. ಕೂಡದೆ ಹಾಡು ಬಿಟ್ಟರೆ, ಚಳಿಗಾಲದ ಬೂರ ಗಾಳಿಗೆ ಬಾಗಿಲು ಬಡಿದುಕೊಳ್ಳಲು ಬಿಟ್ಟು ಮಲಗಿದ ಹಾಗೆ. ನಿದ್ದೆ ಯಾರಿಗೆ ಬರುತ್ತದೆ ಹೇಳಿ?

ಫೂಮಳದು ದಪ್ಪದನಿ, ರೋಜಳದು ತೆಳುದನಿ. ಕುರಿ ಕಾಯುವ ವಯಸ್ಸಿನಿಂದ ಜೋಡಿ. ಆಮೇಲೆ ರೋಜಳಿಗೆ ಬೆಟ್ಟದಾಚೆಯ ವರ್ಬೇತ ಊರಿನಿಂದ ಸಂಬಂಧ ಬಂತು. ಹುಡುಗನಿಗೆ ದ್ರಾಕ್ಷಿತೋಟ, ಜೋಡೆತ್ತು, ಬಾಯಿತುಂಬ ಹಲ್ಲು, ಯಾವುದಕ್ಕೂ ಕೊರತೆ ಇರಲಿಲ್ಲ. ಊರೆಲ್ಲ ಸಂತೋಷಪಟ್ಟಿತು, ಫೂಮಳಿಗೆ ಮಾತ್ರ ಅನ್ನ ಸೇರಲಿಲ್ಲ. ತೆಳುದನಿ ಬೆಟ್ಟ ದಾಟಿ ಹೋದರೆ ತಾನು ಯಾರ ಜೊತೆ ಹಾಡುವುದು, ಮೇಕೆಯ ಜೊತೆಯೇ?

ಹೆಣ್ಣು ನೋಡಲು ಬಂದಾಗ ಊಟದ ನಂತರ ಹುಡುಗನ ತಾಯಿ ದಪ್ಪದನಿಯಲ್ಲಿ ಒಂದು ಹಾಡು ಎತ್ತುತ್ತಾಳೆ, ಹುಡುಗಿ ತೆಳುದನಿ ಸೇರಿಸಬೇಕು. ಅದೇ ಪರೀಕ್ಷೆ. ಎರಡು ದನಿಗಳ ನಡುವಿನ ಅಂತರ ಊರೂರಿಗೂ ಒಂದೊಂದು ಥರ. ವರ್ಬೇತದವರದು ಬಲು ಇಕ್ಕಟ್ಟು, ನಮ್ಮದಕ್ಕಿಂತಲೂ ಇಕ್ಕಟ್ಟು. ಇದು ಗೊತ್ತಿದ್ದ ಫೂಮ ರೋಜಳನ್ನು ಹುಲ್ಲುಗಾವಲಿಗೆ ಕರೆದುಕೊಂಡು ಹೋಗಿ ಪಾಠ ಶುರುಮಾಡಿದಳು.

"ನೋಡೇ ರೋಜ, ವರ್ಬೇತದವ್ರಿಗೆ ದನಿ ಅಗಲ ಇದ್ರೇನೇ ಇಷ್ಟ. ದೂರ ನಿಲ್ಲು. ಇನ್ನೂ ದೂರ. ಹಾಂ, ಹಾಗೆ. ಅತ್ತೆ ಅಂದ್ರೆ ಗೌರವ ಬೇಡ್ವಾ?"

"ಇಷ್ಟು ದೂರಾನಾ? ಕೂಗಿದ್ರೂ ಕೇಳ್ಸಲ್ವಲ್ಲೇ!"

"ನಿಂಗೇನು ಗೊತ್ತು? ನಮ್ಮ ದೊಡ್ಡಮ್ಮ ಆ ಊರಿನವಳು."

ಅವಳಿಗೆ ಯಾವ ದೊಡ್ಡಮ್ಮನೂ ಇರಲಿಲ್ಲ.

ಹುಡುಗನ ತಾಯಿ ಬಂದಳು. ಒಣಗಿಸಿದ ಹಂದಿಮಾಂಸ ತಿಂದಳು, ವೈನ್ ಕುಡಿದಳು, ಹಾಡು ಎತ್ತಿದಳು. ರೋಜ ಕಲಿತದ್ದನ್ನು ಕಲಿತ ಹಾಗೆಯೇ ಅಗಲವಾಗಿ ಹಾಡಿದಳು, ಪಾಪ. ಆ ತಾಯಿ ಹತ್ತಿರ ಬಂದಷ್ಟೂ ಹುಡುಗಿ ದೂರ ಸರಿಯುತ್ತಿದ್ದಳು. ಕೊನೆಯಲ್ಲಿ ಒಬ್ಬರು ಹೊಸ್ತಿಲ ಮೇಲೆ, ಒಬ್ಬರು ಅಟ್ಟದ ಮೇಲೆ ನಿಂತಂತಾಯಿತು. ತಾಯಿ ಲೋಟ ಕೆಳಗಿಟ್ಟು ಮಗನಿಗೆ ಹೇಳಿದಳಂತೆ: "ಹುಡುಗಿ ಲಕ್ಷಣವಾಗಿದಾಳೆ ಮಗಾ. ಆದ್ರೆ ಇವಳ ಜೊತೆ ಒಂದೇ ಅಡುಗೆಮನೇಲಿ ಜೀವನ ತೆಗೆಯೋದು ನನ್ ಕೈಲಾಗಲ್ಲ."

ರೋಜ ಅಳುತ್ತ ಕೂತಳು. ಫೂಮ ಪಕ್ಕದಲ್ಲೇ ಕೂತು ತಾನೂ ಕಣ್ಣೊರೆಸಿಕೊಂಡು, "ಹೋಗ್ಲಿ ಬಿಡೇ, ನಮ್ಮಣ್ಣ ಇದಾನಲ್ಲ" ಎಂದಳು. ಜ್ವಾನೆ ಆಗ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ. "ನನ್ನನ್ನ ಯಾರೂ ಕೇಳಲೇ ಇಲ್ಲ" ಎಂದು ಇವತ್ತಿಗೂ ನನ್ನಂಗಡಿಯಲ್ಲಿ ಕೂತು ಹೇಳುತ್ತಾನೆ. ಕೇಳಿದ್ದರೆ ಏನನ್ನುತ್ತಿದ್ದ ಎಂದು ಕೇಳಿದರೆ ಮಾತ್ರ ಮೀಸೆಯಲ್ಲೇ ನಗುತ್ತಾನೆ. ಹೀಗೆ ಫೂಮ ತನ್ನ ತೆಳುದನಿಯನ್ನು ಅತ್ತಿಗೆ ಮಾಡಿ ಮನೆಗೇ ತಂದುಕೊಂಡಳು. ತಾನು ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, "ಹಾಡೋದಕ್ಕೆ ಜೋಡಿ ಇತ್ತಲ್ಲ, ಬೈಯೋದಕ್ಕೆ ಅಣ್ಣ ಇದ್ದ. ಇನ್ನು ಗಂಡ ಬೇರೆ ಯಾಕೆ?" ಎನ್ನುತ್ತಿದ್ದಳು. ಹುಲ್ಲುಗಾವಲಿನ ಪಾಠ ಮೋಸವೆಂದು ಎಷ್ಟೋ ವರ್ಷದ ಮೇಲೆ ರೋಜಳಿಗೆ ತಿಳಿದಾಗ ಒಂದು ಬಕೆಟ್ ಹಾಲೊಡಕನ್ನು ಫೂಮಳ ತಲೆಯ ಮೇಲೆ ಸುರಿದಳು. ಆಮೇಲೆ ಇಬ್ಬರೂ ಕೂತು ಹಾಡಿದರು, ಒಬ್ಬಳ ತಲೆಯಿಂದ ಇನ್ನೂ ಹಾಲೊಡಕು ಸೋರುತ್ತಿತ್ತು.

ಅಂಥ ಜೋಡಿ ಒಂದು ಕೂದಲೆಳೆಗೆ ಮುರಿದುಬಿತ್ತು. ಸಂತ ಮಾರ್ತಿನನ ಹಬ್ಬದ ದಿನ, ಹೊಸ ವೈನಿನ ಪೀಪಾಯಿ ಒಡೆಯುವ ಹೊತ್ತಿಗೆ, ರೇಡಿಯೋದವನೊಬ್ಬ ಟೇಪು ಹಿಡಿದುಕೊಂಡು ಬಂದಿದ್ದ. ಇಬ್ಬರೂ ಹಾಡಿದರು. ಚೆನ್ನಾಗೇ ಹಾಡಿದರು. ಕೊನೆಯ ಕೂಡುಸ್ವರದಲ್ಲಿ ಮಾತ್ರ ಏನೋ ಒಂದು ಎಳೆ, ಒಂದೇ ಎಳೆ, ಕೂಡಲಿಲ್ಲ. ರೋಜ ಕೆಳಗಿಳಿಯುವುದನ್ನು ತಡಮಾಡಿದಳು ಎಂದು ಫೂಮ. ಫೂಮ ಪೂರ್ತಿ ಮೇಲೆ ಹತ್ತಲೇ ಇಲ್ಲ ಎಂದು ರೋಜ. ಟೇಪು ಹಾಕಿಸಿ ಕೇಳಿದರು.

"ಕೇಳ್ದ್ಯಾ? ಎಲ್ಲಿದೀಯ ನೀನು?" ಎಂದಳು ಫೂಮ.

"ಕೇಳ್ದ್ಯಾ? ಎಲ್ಲಿದೀಯ ನೀನು?" ಎಂದಳು ರೋಜ.

ಮತ್ತೆ ಹಾಕಿಸಿದರು. ಇಬ್ಬರಿಗೂ ಅವರವರು ಹಿಡಿದ ಮೊಲಕ್ಕೆ ಮೂರೇ ಕಾಲು. ರೇಡಿಯೋದವನು ಸಮಾಧಾನ ಮಾಡಲು ಹೋಗಿ, "ನನಗೇನೂ ವ್ಯತ್ಯಾಸ ಕೇಳಿಸ್ಲಿಲ್ಲ ತಾಯಂದಿರಾ" ಎಂದ. ಇಬ್ಬರೂ ಒಟ್ಟಿಗೇ ಅವನ ಕಡೆ ತಿರುಗಿ, "ಕಿವಿ ಮನೇಲಿ ಬಿಟ್ಟು ಬಂದಿದೀಯೇನಯ್ಯ?" ಎಂದರು. ಅವರಿಬ್ಬರೂ ಒಪ್ಪಿ ಆಡಿದ ಕೊನೆಯ ಮಾತು ಅದು.

ಆಮೇಲೆ ಮಾತಿಲ್ಲ, ಕತೆಯಿಲ್ಲ. ಮಕ್ಕಳು ಬೆಳೆದು ಮದುವೆಯಾಗುವಷ್ಟು ಕಾಲ ಆ ಗೋಡೆಯ ಮೇಲೆ ಒಂದು ಮಾತು ದಾಟಲಿಲ್ಲ. ಹೇಳಬೇಕಾದದ್ದನ್ನು ಫೂಮ ಮೇಕೆಗೆ ಹೇಳುತ್ತಿದ್ದಳು, "ಕೆಲವರ ಕೋಳಿ ನಮ್ಮ ಸೊಪ್ಪಿನ ಪಾತಿಗೆ ಬಂದಿದೆ ನೋಡೇ" ಎಂದು. ರೋಜ ಗಂಡನಿಗೆ ಹೇಳುತ್ತಿದ್ದಳು. ಜ್ವಾನೆಯದು ಅತ್ತ ದರಿ, ಇತ್ತ ಪುಲಿ. ಅವನು ನನ್ನಂಗಡಿಗೆ ಬಂದು ಕೂರುತ್ತಿದ್ದ. ಆ ಜಗಳದಿಂದ ಲಾಭವಾದವಳು ನಾನೊಬ್ಬಳೇ.

ಹೀಗಿರುವಾಗ ಒಂದು ಚಳಿಗಾಲದ ಕೊನೆಗೆ ಫೂಮ ಬೆಳಿಗ್ಗೆಯೇ ಬಂದು ಸೂಪ ಕೇಳಿದಳು. ಬಿಸಿ ಮಾಡಿದ ಕೆಂಪು ವೈನಿಗೆ ಆಲಿವ್ ಎಣ್ಣೆ, ಮೆಣಸು ಹಾಕಿ ಸುಟ್ಟ ರೊಟ್ಟಿ ಅದ್ದಿ ಕೊಟ್ಟೆ. ರೊಟ್ಟಿ ಮುಟ್ಟಲಿಲ್ಲ, ವೈನನ್ನಷ್ಟೇ ಗುಟುಕು ಗುಟುಕಾಗಿ ನುಂಗಿದಳು. ಹಿಂದಿನ ದಿನ ಪೂಲ ಪಟ್ಟಣದ ಆಸ್ಪತ್ರೆಗೆ ಹೋಗಿದ್ದಳೆಂದು ನನಗೆ ಗೊತ್ತಿತ್ತು.

"ಏನಂದ್ರು, ತೇತ ಫೂಮ?" ಎಂದೆ. ದೊಡ್ಡ ಹೆಂಗಸರನ್ನು ತೇತ, ದೊಡ್ಡ ಗಂಡಸರನ್ನು ಬಾರ್ಬ ಎನ್ನದೆ ಮಾತಾಡಿಸಿದರೆ ನಮ್ಮಲ್ಲಿ ಬೆನ್ನಿಗೆ ಬೀಳುತ್ತದೆ.

"ಗಂಟಲಲ್ಲಿ ಗಂಟು ಕಣೇ. ಕುಯ್ದು ತೆಗೀಬೇಕಂತೆ, ಈಸ್ಟರ್ ಕಳೆದ್ಮೇಲೆ. ಜೀವ ಉಳಿಯುತ್ತೆ ಅಂತಾರೆ. ಮಾತೂ ಉಳೀಬಹುದಂತೆ. ಹಾಡು ಮಾತ್ರ ಹೇಳಕ್ಕಾಗಲ್ಲವಂತೆ."

ಲೋಟ ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ.

"ಹೆದರಿಕೆ ಆಗಲ್ವಾ?"

"ಸತ್ರೆ ಸತ್ತೆ, ಅದಕ್ಯಾಕೆ ಹೆದರಿಕೆ? ಆದ್ರೆ ಆ ಮಾರ್ತಿನ್ ಹಬ್ಬದ ಹಾಡು ಇನ್ನೂ ತೆರೆದೇ ಬಿದ್ದಿದೆಯಲ್ಲೇ. ಅದನ್ನ ಕೂಡಿಸದೆ ನಾನು ಚಾಕುವಿನ ಕೆಳಗೆ ಮಲಗಲ್ಲ. ಆಮೇಲೆ ದನಿ ಇಲ್ದೇ ಹೋದ್ರೆ?"

"ಹಾಗಾದ್ರೆ ಹೋಗಿ ಅವಳನ್ನ ಕರೀರಿ. ಗೋಡೆ ಏನು ಸಮುದ್ರಾನಾ?"

"ಯಾರನ್ನ? ಆ ಡೊಂಕು ಸ್ವರದವಳನ್ನ? ನನ್ನ ಹೆಣವೂ ಕರೆಯಲ್ಲ." ಆಮೇಲೆ ಇಸ್ಪೀಟಿನಲ್ಲಿ ಒಳ್ಳೆಯ ಎಲೆ ಬಂದಾಗ ಅವಳ ಎಡಗಣ್ಣು ಕಿರಿದಾಗುತ್ತದಲ್ಲ, ಹಾಗೆ ಕಿರಿದಾಯಿತು. "ಅವಳೇ ಓಡಿ ಬಂದು ಕೂಡಿಸೋ ಹಾಗೆ ಮಾಡ್ತೀನಿ, ನೋಡ್ತಿರು. ಗಂಟಿನ ವಿಷಯ ಯಾರಿಗೂ ಹೇಳಬೇಡ. ಹೇಳಿದ್ಯೋ, ನಿನ್ನ ವೈನಿಗೆ ನೀರು ಹಾಕೋದು ಊರಿಗೆಲ್ಲ ಹೇಳ್ತೀನಿ."

ನಾನು ನೀರು ಹಾಕುವುದಿಲ್ಲ. ಆದರೆ ಫೂಮ ಹೇಳಿದರೆ ಊರು ನಂಬುತ್ತದೆ.

ಮರುದಿನ ಬೆಳಿಗ್ಗೆ ಫೂಮ ಮೇಕೆ ಕರೆಯುತ್ತ ಕೂತು ಮಾರ್ತಿನ್ ಹಬ್ಬದ ಅದೇ ಹಾಡನ್ನು ಎತ್ತಿದಳು. ದಪ್ಪದನಿ ಒಂದೇ. ಒಂದು ಚರಣ ಪೂರ್ತಿ ಹಾಡಿ, ಕೊನೆಗೆ ಬಂದು, ಮೇಲೆ ಹತ್ತಬೇಕಾದ ಹೆಜ್ಜೆ ಹತ್ತದೆ ಗಪ್ಪನೆ ನಿಲ್ಲಿಸಿಬಿಟ್ಟಳು. ಮೇಕೆಯ ಬೆನ್ನು ತಟ್ಟಿ ಒಳಗೆ ಹೋದಳು.

ನನ್ನ ಕೈಯಲ್ಲಿದ್ದ ಬಾಟಲಿ ಹಾಗೇ ನಿಂತಿತು. ಅಯ್ಯೋ ದೇವರೇ, ಅದೆಂಥ ಹಿಂಸೆ! ಸೀನು ಬಂದು ಮೂಗಿನಲ್ಲೇ ನಿಂತ ಹಾಗೆ. ಗೋಡೆಯಾಚೆ ರೋಜ ಪಾತ್ರೆ ಎತ್ತಿ ಕುಕ್ಕಿದ ಸದ್ದು ಕೇಳಿಸಿತು. ಮಧ್ಯಾಹ್ನ ಫೂಮ ಬೆಳ್ಳುಳ್ಳಿ ಕಟ್ಟುತ್ತ ಮತ್ತೆ ಹಾಡಿದಳು, ಮತ್ತೆ ಅಲ್ಲೇ ನಿಲ್ಲಿಸಿದಳು. ಸಂಜೆ ಬಾವಿಯ ಹತ್ತಿರ ಮತ್ತೆ. ನಾನು ತಡೆಯಲಾರದೆ ಕಿಟಕಿಯ ಹಿಂದೆ ಮೆಲ್ಲಗೆ ಗುನುಗಿ ಮುಗಿಸಿದರೆ ಬಾವಿಯ ಕಡೆಯಿಂದ ಕೂಗು ಬಂತು: "ಪಿಯೆರೀನ! ಅದು ನಿನ್ನ ಸ್ವರಾನಾ? ಯಾರಪ್ಪನ ಮನೆ ಬಾಗಿಲು ಅಂತ ಮುಚ್ತಿದೀಯ?"

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಹೀಗೇ ಕಳೆದವು. ನಮ್ಮ ಓಣಿಯವರು ಮಾಂಸ ಬಿಟ್ಟಿದ್ದರು, ಈಗ ನೆಮ್ಮದಿಯನ್ನೂ ಬಿಟ್ಟರು. ರೋಜ ಕಿಟಕಿ ಮುಚ್ಚಿದಳು. ಫೂಮ ಹತ್ತಿರ ಬಂದು ಹಾಡಿದಳು. ರೋಜ ರೇಡಿಯೋ ಜೋರು ಮಾಡಿದಳು. ವಾರ್ತೆ ಓದುವವನು ಉಸಿರು ತೆಗೆದುಕೊಳ್ಳುವ ಜಾಗ ನೋಡಿಕೊಂಡು ಫೂಮ ಅಲ್ಲಿಗೆ ಸರಿಯಾಗಿ ತನ್ನ ಕೊನೆಯ ಸ್ವರ ತಂದು ನಿಲ್ಲಿಸಿದಳು. ರೋಜ ಕಿವಿಗೆ ಕುರಿಯುಣ್ಣೆ ತುರುಕಿಕೊಂಡಳು. ಫೂಮ ಗೋಡೆಯ ಮೇಲೆ ಕೋಲಿನಿಂದ ತಾಳ ಹಾಕಿದಳು. ಒಂದು ದಿನ ಜ್ವಾನೆ ತಾಳ್ಮೆ ಕೆಟ್ಟು ತಾನೇ ಸಿಳ್ಳೆ ಹಾಕಿ ಕೂಡುಸ್ವರ ಮುಗಿಸಿದ. ಅಡುಗೆಮನೆಯಿಂದ ಸೌಟು ಹಾರಿ ಬಂತು, ಗೋಡೆಯ ಈಚೆಯಿಂದ ಎಲೆಕೋಸಿನ ದಂಟು ಹಾರಿ ಬಂತು. ಹೆಂಡತಿ ಮತ್ತು ತಂಗಿ ಅಷ್ಟೊಂದು ಒಮ್ಮತದಿಂದ ಏನನ್ನಾದರೂ ಮಾಡಿದ್ದು ಬಹಳ ಕಾಲದ ಮೇಲೆ ಎಂದು ಅವನು ನನ್ನಂಗಡಿಯಲ್ಲಿ ತಲೆ ಸವರಿಕೊಳ್ಳುತ್ತ ಹೇಳಿದ.

"ಇವಳಿಗೆ ಏನಾಗಿದೆ ಪಿಯೆರೀನ? ನನ್ನ ಹಸು ಹಾಲು ಇಳಿಸ್ತಿಲ್ಲ!"

"ನಂಗೇನು ಗೊತ್ತು, ಬಾರ್ಬ ಜ್ವಾನೆ?" ಎಂದೆ. ನನ್ನ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ, ನನಗೇ ಗೊತ್ತು. ಆದರೂ ತುಟಿ ಕಚ್ಚಿಕೊಂಡೆ.

ರೋಜ ಮಾತ್ರ ಜಗ್ಗಲಿಲ್ಲ. ಪಾತ್ರೆ ಕುಕ್ಕಿದಳು, ಬಾಗಿಲು ಬಡಿದಳು, ಒಂದು ಸ್ವರ ಬಿಟ್ಟುಕೊಡಲಿಲ್ಲ. ಫೂಮ ದಿನೇದಿನೇ ಸೊರಗುತ್ತಿದ್ದಳು. ಹಾಡಿದ ಮೇಲೆ ಗೋಡೆಗೆ ಕೈಕೊಟ್ಟು ನಿಂತು ಕುತ್ತಿಗೆ ಒತ್ತಿಕೊಳ್ಳುವುದು ನನ್ನ ಕಿಟಕಿಗೆ ಕಾಣುತ್ತಿತ್ತು. ಈಸ್ಟರ್ ಬಂತು, ಹೋಯಿತು. ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ನನಗೆ ತಡೆಯಲಾಗಲಿಲ್ಲ. ನೀರಿನ ಅಪವಾದ ಬಂದರೆ ಬರಲಿ ಎಂದು ರೋಜಳ ಅಡುಗೆಮನೆಗೆ ನುಗ್ಗಿ ಎಲ್ಲವನ್ನೂ ಹೇಳಿಬಿಟ್ಟೆ.

ರೋಜ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ನಂಗೆ ಗೊತ್ತು" ಎಂದಳು.

"ಯಾರು ಹೇಳಿದ್ರು?"

"ಅವಳೇ. ದಿನಾ ಹಾಡಿ ಹೇಳ್ತಿಲ್ವಾ? ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಚರ್ಚಲ್ಲಿ ಕೇಳ್ದಾಗ್ಲೇ ಅವಳ ಕೆಳಗಿನ ಸ್ವರ ಒಂದೆಳೆ ಕುಸಿದಿತ್ತು. ಈಗ ಎರಡೆಳೆ. ಗಂಟಲಲ್ಲಿ ಏನೋ ಬಂದು ಕೂತಿದೆ ಅಂತ ಅವಳಿಗಿಂತ ಮೊದ್ಲೇ ನಂಗೆ ಗೊತ್ತಾಯ್ತು."

"ಗೊತ್ತಿದ್ದೂ ಸುಮ್ನಿದೀರಾ? ಒಂದು ಸ್ವರ ತೇತ ರೋಜ, ಒಂದೇ ಒಂದು ಸ್ವರ! ಅಷ್ಟು ಕೊಟ್ರೆ ನಿಮ್ಮ ಗಂಟೇನು ಹೋಗುತ್ತೆ?"

"ನೀನು ಹೋಗಿ ವೈನ್ ಮಾರು, ಪಿಯೆರೀನ."

ನಿಮ್ಮದು ಹೃದಯವಲ್ಲ, ಬೀಸೋಕಲ್ಲು ಎಂದು ಮುಖಕ್ಕೇ ಹೇಳಿ ಬಂದೆ.

ಮರುದಿನ ಬೆಳಿಗ್ಗೆ ಜ್ವಾನೆ ತನ್ನ ಪುಟ್ಟ ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದ. ಫೂಮ ಕಪ್ಪು ಉಡುಪು ಹಾಕಿಕೊಂಡು, ಬೇಯಿಸಿದ ಮೊಟ್ಟೆ ಮತ್ತು ಇಸ್ಪೀಟಿನ ಕಟ್ಟು ಇದ್ದ ಗಂಟನ್ನು ಹಿಡಿದು ಬಂದಳು. ಓಣಿಯವರೆಲ್ಲ ಬೀಳ್ಕೊಡಲು ಸೇರಿದ್ದರು. ಆ ಹೊತ್ತಿಗೆ ವಿಷಯ ಎಲ್ಲರಿಗೂ ತಿಳಿದಿತ್ತು, ಹೇಗೆ ತಿಳಿಯಿತೋ ನನ್ನನ್ನು ಕೇಳಬೇಡಿ. ಫೂಮ ಗಂಟನ್ನು ಕೆಳಗಿಟ್ಟಳು, ಗೋಡೆಗೆ ಎದೆ ಕೊಟ್ಟು ನಿಂತಳು, ಹಾಡು ಎತ್ತಿದಳು. ಈ ಸಲ ಕೀಟಲೆಯ ದನಿ ಇರಲಿಲ್ಲ. ಅವಳು ಕೇಳಿಕೊಳ್ಳುತ್ತಿದ್ದಳು. ಫೂಮ ಯಾರನ್ನಾದರೂ ಏನನ್ನಾದರೂ ಕೇಳಿಕೊಂಡದ್ದನ್ನು ನಾವು ಯಾರೂ ಕಂಡಿರಲಿಲ್ಲ.

ಎರಡನೇ ಚರಣಕ್ಕೆ ಆಚೆಯ ಬಾಗಿಲು ತೆರೆಯಿತು. ರೋಜ ಹಿಟ್ಟಿನ ಕೈಯಲ್ಲೇ ಹೊರಬಂದು ಗೋಡೆಯ ಆ ಬದಿಗೆ ನಿಂತಳು. ಬಾಯಿ ತೆರೆದಳು. ತೆಳುದನಿ ಬಂದು ದಪ್ಪದನಿಯ ಪಕ್ಕಕ್ಕೆ ಹತ್ತಿಕೊಂಡಿತು, ಅಷ್ಟು ವರ್ಷ ಆಡದ ಮಾತೆಲ್ಲ ಆ ಸಂದಿಯಲ್ಲಿ ಉಜ್ಜಿತು. ನನ್ನ ಹಲ್ಲೆಲ್ಲ ಜುಮ್ಮೆಂದಿತು, ಮೈಯೆಲ್ಲ ಮುಳ್ಳೆದ್ದಿತು. ನಾನು ಅತ್ತೆ. ನಾಚಿಕೆಯೇನಿಲ್ಲ, ಗೊಳೋ ಎಂದು ಅತ್ತೆ. ಕೊನೆಯ ಸಾಲು ಬಂತು. ಇಬ್ಬರೂ ಕೊನೆಯ ಹೆಜ್ಜೆಗೆ ಬಂದು ನಿಂತರು. ಫೂಮ ಮೇಲೆ ಹತ್ತಲು ಉಸಿರೆಳೆದುಕೊಂಡಳು.

ರೋಜ ನಿಲ್ಲಿಸಿಬಿಟ್ಟಳು.

ಕೈಯನ್ನು ಸೊಂಟಕ್ಕೆ ಕಟ್ಟಿದ್ದ ಅಡುಗೆ ಬಟ್ಟೆಗೆ ಒರೆಸಿಕೊಂಡಳು. "ಉಳಿದದ್ದು ನೀನು ವಾಪಸ್ ಬಂದ್ಮೇಲೆ" ಎಂದಳು. ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಫೂಮ ಬಾಯಿ ತೆರೆದುಕೊಂಡೇ ನಿಂತಿದ್ದಳು. ಆಮೇಲೆ ಶುರುವಾಯಿತು ನೋಡಿ.

"ಏ ರೋಜ! ಏ ಮನೆಹಾಳಿ! ತೆಗಿಯೇ ಬಾಗಿಲು! ಹೀಗೆ ಬಿಟ್ಟು ಹೋಗ್ತಾರೇನೇ ಯಾರಾದ್ರೂ? ಇದು ಮನುಷ್ಯರು ಮಾಡೋ ಕೆಲಸಾನಾ?"

ಇಷ್ಟು ದಿನ ಇಡೀ ಓಣಿಗೆ ಅದನ್ನೇ ಮಾಡಿದವಳು ಇವಳು! ಜ್ವಾನೆ ಅವಳನ್ನು ಹಿಡಿದು ಕಾರಿಗೆ ಕೂರಿಸಿದ. ಸ್ಮಶಾನದ ತಿರುವು ದಾಟುವವರೆಗೂ ಕಿಟಕಿಯಿಂದ ಅವಳ ಬೈಗುಳ ಕೇಳಿಸುತ್ತಿತ್ತು. ಪೂಲದವರೆಗೂ ಬೈದಳಂತೆ. ಭಯವಾಗುತ್ತಿದೆಯಾ ಎಂದು ಆಸ್ಪತ್ರೆಯ ನರ್ಸು ಕೇಳಿದ್ದಕ್ಕೆ, "ಭಯ ಪಡೋಕೆ ಎಲ್ಲಮ್ಮ ಪುರುಸೊತ್ತು? ಊರಿಗೆ ಹೋಗಿ ಒಬ್ಬಳ ಕತ್ತು ಹಿಸುಕೋದಿದೆ" ಎಂದಳಂತೆ.

ಆವತ್ತು ಮಧ್ಯಾಹ್ನ ರೋಜ ನನ್ನಂಗಡಿಗೆ ಬಂದಳು. ಎಂದೂ ಬಂದವಳಲ್ಲ. ಮೂಲೆಯಲ್ಲಿ ಕೂತು ವೈನ್ ಕೇಳಿದಳು.

"ನೀನು ಬೀಸೋಕಲ್ಲು ಅಂದ್ಯಲ್ಲ, ಅಂದ್ಕೋ. ಆದ್ರೆ ಫೂಮಳ ಜೊತೆ ನೀನು ಇಸ್ಪೀಟು ಆಡಿದೀಯಲ್ಲ. ಗೆದ್ದ ಮೇಲೆ ಅವಳು ಕೂರ್ತಾಳಾ?"

"ಇಲ್ಲ. ಎದ್ದು ಹೋಗ್ತಾಳೆ."

"ಅಷ್ಟೇ. ಎದ್ದು ಹೋಗಿಬಿಡ್ತಿದ್ಲು ಪಿಯೆರೀನ. ಕೂಡಿಸಿಬಿಟ್ಟಿದ್ರೆ ನಿಶ್ಚಿಂತೆಯಾಗಿ ಹೋಗಿಬಿಡ್ತಿದ್ಲು." ನಾನು ಬಾಟಲಿಯನ್ನೇ ಅವಳ ಮುಂದಿಟ್ಟು ಪಕ್ಕದಲ್ಲಿ ಕೂತೆ.

ಚೆರ್ರಿ ಹಣ್ಣಾಗುವ ಹೊತ್ತಿಗೆ ಫೂಮ ಹಿಂತಿರುಗಿದಳು. ಕುತ್ತಿಗೆಗೆ ಬಿಳಿ ಬಟ್ಟೆ, ಅರ್ಧಕ್ಕರ್ಧ ಇಳಿದುಹೋದ ಮೈ. ಇನ್ನೂ ಕೆಲವು ವಾರ ಮಾತಾಡಬಾರದೆಂದು ಡಾಕ್ಟರು ಹೇಳಿದ್ದರು. ಅವಳು ಮಾತಾಡಲಿಲ್ಲ, ಕೈಸನ್ನೆಯಲ್ಲೇ ಊರಿನ ಅರ್ಧ ಜನರ ಜೊತೆ ಜಗಳವಾಡಿದಳು. ಗೋಡೆಯ ಕಡೆ ಮಾತ್ರ ತಿರುಗಿ ನೋಡಲಿಲ್ಲ. ಆಚೆ ಬದಿಯ ರೋಜಳಿಗೆ ದಿನಾ ಮಧ್ಯಾಹ್ನ ಬಟ್ಟೆ ಒಣಗಿಸುವ ಕೆಲಸ ಬರತೊಡಗಿತು. ಒಂದೇ ಹೊದಿಕೆ, ಅದೂ ಒಣಗಿದ್ದು, ದಿನಾ ಅದನ್ನೇ ತಂದು ಹಗ್ಗಕ್ಕೆ ಹಾಕುತ್ತಿದ್ದಳು, ಜಾಡಿಸುತ್ತಿದ್ದಳು, ತೆಗೆಯುತ್ತಿದ್ದಳು. ಇಬ್ಬರೂ ನಾಟಕ ಮಾಡುತ್ತಿದ್ದರು. ಕಿಟಕಿಯ ಹಿಂದೆ ನಿಂತು ನನಗೆ ಕಾಲು ನೋವು.

ಡಾಕ್ಟರು ಹೇಳಿದ ವಾರಗಳು ಮುಗಿದವು. ಒಂದು ಮಧ್ಯಾಹ್ನ ಫೂಮ ಕುತ್ತಿಗೆಯ ಬಟ್ಟೆ ಬಿಚ್ಚಿದಳು, ಗೋಡೆಯ ಹತ್ತಿರ ಬಂದಳು, ಬಾಯಿ ತೆರೆದಳು.

ಬಂದ ಸದ್ದನ್ನು ಏನೆನ್ನಲಿ? ಎಣ್ಣೆ ಕಾಣದ ಬಾಗಿಲಿನ ಹಾಗಿತ್ತು. ಅದು ಅವಳ ಹಳೆಯ ಜಾಗದಲ್ಲೂ ಇರಲಿಲ್ಲ, ನಮ್ಮೂರಿನ ಯಾವ ಸ್ವರದ ಜಾಗದಲ್ಲೂ ಇರಲಿಲ್ಲ, ಎಲ್ಲೋ ನೆಲಮಾಳಿಗೆಯಲ್ಲಿತ್ತು. ತನ್ನ ದನಿ ಕೇಳಿ ಫೂಮಳೇ ಬೆಚ್ಚಿ ಬಾಯಿ ಮುಚ್ಚಿಕೊಂಡಳು. ಅವಳ ಮುಖ ಮಗುವಿನ ಮುಖದ ಹಾಗೆ ಸಣ್ಣದಾಯಿತು. ಹಿಂದೆ ತಿರುಗಿ ಮನೆಯೊಳಗೆ ಹೊರಟೇಬಿಟ್ಟಳು.

"ಎಲ್ಲಿಗೆ ಹೊರಟೆ?" ಎಂದಳು ರೋಜ, ಹೊದಿಕೆಯ ಹಿಂದಿನಿಂದ. "ನಾನಿನ್ನೂ ಇಲ್ಲೇ ನಿಂತಿದೀನಿ."

ಫೂಮ ನಿಂತಳು. ಬಹಳ ಹೊತ್ತು ಬೆನ್ನು ಹಾಕಿಯೇ ನಿಂತಿದ್ದಳು. ಆಮೇಲೆ ತಿರುಗಿ ಬಂದು ಆ ಕೊನೆಯ ಸಾಲನ್ನು ಎತ್ತಿದಳು, ಅದೇ ತುಕ್ಕು ಹಿಡಿದ ದನಿಯಲ್ಲಿ. ರೋಜ ಹುಡುಕಿದಳು. ಹಳೆಯ ಜಾಗಕ್ಕೆ ಹೋದಳು, ಅಲ್ಲಿ ಫೂಮ ಇರಲಿಲ್ಲ. ಕೆಳಗಿಳಿದಳು, ಅಲ್ಲೂ ಇಲ್ಲ. ಇನ್ನೂ ಕೆಳಗೆ, ತೆಳುದನಿಯವರು ಎಂದೂ ಕಾಲಿಡದ ಕಡೆಗೆ, ತನ್ನ ದನಿಯೇ ಒಡೆಯುವಷ್ಟು ಕೆಳಗೆ ಇಳಿದಳು. ಅಲ್ಲಿ ಸಿಕ್ಕಿತು. ನನ್ನ ಹಲ್ಲು ಜುಮ್ಮೆಂದಿತು. ಎರಡೂ ದನಿ ಪಕ್ಕಪಕ್ಕ ಉಜ್ಜುತ್ತ ಕೊನೆಯ ಹೆಜ್ಜೆಗೆ ಬಂದವು. ಫೂಮ ಒಂದು ಹೆಜ್ಜೆ ಹತ್ತಿದಳು, ರೋಜ ಒಂದು ಹೆಜ್ಜೆ ಇಳಿದಳು.

ಕೂಡಿತು.

ಉಸಿರು ಇರುವವರೆಗೂ ಅದನ್ನು ಹಿಡಿದು ನಿಂತರು. ಕೊಟ್ಟಿಗೆಯ ಬಾಗಿಲಲ್ಲಿ ಜ್ವಾನೆ ಟೋಪಿ ತೆಗೆದು ಎದೆಗೆ ಒತ್ತಿಕೊಂಡಿದ್ದ. ಫೂಮ ಗೋಡೆಯ ಮೇಲಿಂದ ಕೈ ಚಾಚಿ ರೋಜಳ ಕೈ ಹಿಡಿದಳು. ಏನೋ ಹೇಳಲು ಬಾಯಿ ತೆರೆದಳು. ನಾನು ಕಿಟಕಿಯಿಂದ ಅರ್ಧ ಹೊರಗೆ ಬಂದು ಕಿವಿಗೊಟ್ಟೆ.

"ತಡವಾಗಿ ಬಂದೆ" ಎಂದು ಗೊಗ್ಗರು ದನಿಯಲ್ಲಿ ಹೇಳಿದಳು ಫೂಮ.

"ನೀನೇ ಪೂರ್ತಿ ಹತ್ತಲಿಲ್ಲ."

"ಮಾರ್ತಿನ್ ಹಬ್ಬದ ದಿನಾನೂ ಹೀಗೇ ಮಾಡ್ದೆ."

"ಮಾಡಿದ್ದು ನೀನು!"

ಜ್ವಾನೆ ಟೋಪಿಯನ್ನು ತಲೆಗೆ ಹಾಕಿಕೊಂಡು ನೇರ ನನ್ನಂಗಡಿಗೆ ಬಂದ. ನಾನು ಅವನಿಗೆ ದೊಡ್ಡ ಲೋಟದಲ್ಲೇ ಕೊಟ್ಟೆ.

"ಹಾಗಾದ್ರೆ ಇನ್ನೊಂದ್ಸಲ ಹಾಡು, ಯಾರು ತಡ ಅಂತ ನೋಡೇಬಿಡೋಣ" ಎಂದು ಕಿಟಕಿಯಾಚೆ ಫೂಮ ಹೇಳುತ್ತಿದ್ದಳು.

ನೋಡುತ್ತಲೇ ಇದ್ದಾರೆ, ದಿನಾ ಮಧ್ಯಾಹ್ನ. ನಮ್ಮೂರಿನ ಹುಡುಗಿಯರು ಅದನ್ನೇ ಕೇಳಿ ಕಲಿತು ಈಗ ಎಲ್ಲರೂ ಆ ನೆಲಮಾಳಿಗೆಯ ಸ್ವರದಲ್ಲೇ ಕೂಡಿಸುತ್ತಾರೆ. ದ್ರಗೂಷದವರ ಹಾಡು ಕುಸಿದುಹೋಗಿದೆ ಎಂದು ವರ್ಬೇತದವರು ಆಡಿಕೊಳ್ಳುತ್ತಾರಂತೆ. ಆಡಿಕೊಳ್ಳಲಿ. ಯಾರು ತಡವಾಗಿ ಬಂದರು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಫೂಮ ಹೇಳುತ್ತಾಳೆ, ತೀರ್ಮಾನವಾಗುವವರೆಗೂ ತಾನು ಆಟ ಬಿಟ್ಟು ಏಳುವುದಿಲ್ಲವಂತೆ.